‘ಅಂತೆ’ ಬಂದ ಮಾತ್ರಕ್ಕೆ ಉಪಮೆಯೇ? ಒಂದು ಅಲಂಕಾರ ತರಗತಿಯ ವಿಮರ್ಶೆ

ಹತ್ತನೆಯ ತರಗತಿಯ ಮಗಳಿಗೆ ಅಲಂಕಾರ ಹೇಳಿಕೊಡಲು ಹೋಗಿ ನಾನೇ ತಡವರಿಸಿದ ಮೇಲೆ, ಸಾಹಿತ್ಯಾಸಕ್ತರ ಬಳಗವೊಂದು ಆನ್‌ಲೈನ್‌ನಲ್ಲಿ ಎಂಟು ಭಾನುವಾರ ನಡೆಸುವ ಅಲಂಕಾರ ತರಗತಿಗೆ 800 ರೂಪಾಯಿ ಕಟ್ಟಿ ಇಬ್ಬರೂ ಸೇರಿಕೊಂಡೆವು. ಪಾಠ ನಿಜಕ್ಕೂ ಚೆನ್ನಾಗಿದೆ. ಆದರೆ ಜೊತೆಗೆ ಕೊಡುವ ಅಭ್ಯಾಸ ಪುಸ್ತಿಕೆ ಆ ಪಾಠವನ್ನೇ ಕೆಡಿಸುತ್ತದೆ.

ಪಠ್ಯಪುಸ್ತಕಗಳಲ್ಲಿ ಸವೆದುಹೋಗಿರುವ ‘ಸೀತೆಯ ಮುಖ ಕಮಲದಂತೆ ಅರಳಿತು’ ಎಂಬ ವಾಕ್ಯವನ್ನೇ ಎತ್ತಿಕೊಂಡ ಮೇಷ್ಟ್ರು, ಮುಖ ಉಪಮೇಯ (ಹೋಲಿಸಲಾಗುವುದು), ಕಮಲ ಉಪಮಾನ (ಹೋಲಿಕೆಗೆ ತಂದದ್ದು), ‘ಅಂತೆ’ ಉಪಮಾವಾಚಕ (ಹೋಲಿಕೆಯ ಪದ), ಅರಳುವುದು ಸಮಾನಧರ್ಮ (ಎರಡಕ್ಕೂ ಸಮಾನವಾದ ಗುಣ) ಎಂದು ಅದನ್ನು ಬಿಡಿಸಿಟ್ಟರು. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಲೋಪವಾದರೂ ಲುಪ್ತೋಪಮೆ. ಬಳಿಕ ‘ಅಂತೆ’ಯನ್ನು ಅಳಿಸಿ, ಎರಡನ್ನೂ ಬೆಸೆದು ‘ಮುಖಕಮಲ ಅರಳಿತು’ ಎಂದು ಬರೆದಾಗ ಭೇದವೇ ಉಳಿಯದೆ ಅದು ರೂಪಕವಾಯಿತು. ‘ಮುಖವೇ ಕಮಲವೋ ಎಂಬಂತೆ’ ಎಂದು ತಿದ್ದಿದಾಗ ಒಂದನ್ನು ಇನ್ನೊಂದೆಂದು ಕಲ್ಪಿಸಿಕೊಳ್ಳುವ ಉತ್ಪ್ರೇಕ್ಷೆಯಾಯಿತು. ದಿನಬಳಕೆಯಲ್ಲಿ ನಾವು ‘ಉತ್ಪ್ರೇಕ್ಷೆ’ ಎನ್ನುವ ಹಿಗ್ಗಿಸಿದ ಮಾತಿಗೆ ಶಾಸ್ತ್ರದಲ್ಲಿ ಹತ್ತಿರವಾದದ್ದು ಅತಿಶಯೋಕ್ತಿ ಎಂಬುದನ್ನೂ ಅವರು ಅಲ್ಲಿಯೇ ಹೇಳಿದ್ದು ಒಳ್ಳೆಯದಾಯಿತು. ಲಕ್ಷ್ಮೀಶನು ಉಪಮಾಲೋಲ, ಕುಮಾರವ್ಯಾಸನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ, ಆ ಎರಡು ಬಿರುದುಗಳ ನಡುವಿನ ಅಂತರ ಹೊಳೆದದ್ದು ಆ ಬೆಳಿಗ್ಗೆಯೇ.

ಪುಸ್ತಿಕೆಯಾದರೋ ಮೊದಲ ಪುಟದಲ್ಲಿಯೇ ‘ಅಂತೆ, ಹಾಗೆ, ವೋಲ್ ಎಂಬ ಪದಗಳು ಕಂಡರೆ ಉಪಮಾಲಂಕಾರ ಎಂದು ಬರೆಯಿರಿ’ ಎಂಬ ಸೂತ್ರವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದೆ. ಆದರೆ ‘ನಾಳೆ ಮಳೆ ಬರುತ್ತದಂತೆ’ ಎಂಬಲ್ಲಿನ ‘ಅಂತೆ’ ಕೇಳಿದ ಸುದ್ದಿಯನ್ನು ದಾಟಿಸುತ್ತದೆ. ‘ಹೇಳಿದಂತೆ ಮಾಡು’ ಎಂಬಲ್ಲಿ ರೀತಿಯನ್ನು ಸೂಚಿಸುತ್ತದೆ. ಎರಡರಲ್ಲಿಯೂ ಉಪಮಾನವೇ ಇಲ್ಲ. ‘ಅಕ್ಕನಂತೆ ತಂಗಿಯೂ ಎತ್ತರ’ ಎಂಬ ವಾಕ್ಯಕ್ಕೆ ಮಗಳು ‘ಅಲಂಕಾರವಿಲ್ಲ’ ಎಂದು ಬರೆದಿದ್ದಳು; ಉತ್ತರಪಟ್ಟಿ ಅದನ್ನು ತಪ್ಪೆಂದಿತು. ಹಸುವಿನಂತೆ ಗವಯ (ಕಾಡುಹಸು) ಇದೆ ಎಂಬಂತಹ ಬರಿಯ ಸಾದೃಶ್ಯದಲ್ಲಿ ಚಮತ್ಕಾರವಿಲ್ಲದಿರುವುದರಿಂದ ಅದು ಅಲಂಕಾರವಾಗದು ಎಂದು ಲಾಕ್ಷಣಿಕರು, ಅಂದರೆ ಅಲಂಕಾರಶಾಸ್ತ್ರ ಬರೆದವರು, ಎಂದೋ ಹೇಳಿದ್ದಾರೆ. ಮೇಷ್ಟ್ರನ್ನು ಕೇಳಿದಾಗ ಮಗಳ ಉತ್ತರವೇ ಸರಿಯೆಂದು ಅವರು ಸಂಕೋಚವಿಲ್ಲದೆ ಒಪ್ಪಿದರು, ಆದರೆ ಅಂಕ ಬದಲಾಗಲಿಲ್ಲ.

ಈ ಸೂತ್ರದ ಕೇಡು ದೃಷ್ಟಾಂತದ ಪಾಠದಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬಲ್ಲಿ ಎರಡು ವಾಕ್ಯಗಳು ಬಿಂಬ–ಪ್ರತಿಬಿಂಬಗಳಂತೆ ಎದುರುಬದುರು ನಿಲ್ಲುತ್ತವೆಯೇ ಹೊರತು ಹೋಲಿಕೆಯ ಪದವೊಂದೂ ಇಲ್ಲವಾದ್ದರಿಂದ, ಪದ ಹುಡುಕುವುದನ್ನಷ್ಟೇ ಕಲಿತ ಹಲವು ಮಕ್ಕಳು ಉತ್ತರದ ಜಾಗವನ್ನು ಖಾಲಿ ಬಿಟ್ಟಿದ್ದರು.

ಪದ, ಅಕ್ಷರಗಳ ಆಟವಾದ ಶ್ಲೇಷೆ, ಯಮಕ, ಅನುಪ್ರಾಸಗಳನ್ನು ಒಂದೇ ಭಾನುವಾರಕ್ಕೆ ತುರುಕಿದ್ದು ಅವಸರವೆನಿಸಿತು. ಅದಕ್ಕೆ ಪ್ರತಿಯಾಗಿ, ತಡವಾಗಿ ಬಂದವನಿಗೆ ಮನೆಯವರು ‘ಎಷ್ಟು ಬೇಗ ಬಂದೆಯಪ್ಪಾ!’ ಎನ್ನುವ ಮಾತನ್ನು ಹಿಡಿದು ಆಡಿದ್ದಕ್ಕೆ ವಿರುದ್ಧವಾದ ಅರ್ಥ ಕೊಡುವ ವಿಪರೀತ ಲಕ್ಷಣೆಯನ್ನು ವಿವರಿಸಿದ ಕೊನೆಯ ತರಗತಿ ಕೊಟ್ಟ ಹಣಕ್ಕೆ ಮೋಸವಿಲ್ಲದಂತಿತ್ತು. ಸೇರುವವರು ಪಾಠವನ್ನು ಕೇಳಲಿ, ಪುಸ್ತಿಕೆಯನ್ನು ಸದ್ಯಕ್ಕೆ ಬದಿಗಿಡಲಿ. ಮುಂದಿನ ತಂಡದ ಹೊತ್ತಿಗೆ ಅದನ್ನು ತಿದ್ದಿ ಅಚ್ಚು ಹಾಕಿಸುತ್ತಾರಂತೆ.