ಹೊಟ್ಟೆ ಮುಂದಿರುವವರಿಗೆ ಒರ್ಲ್ಯಾಂಡೊ: ಡಿಸ್ನಿ ಮೊದಲು, ಯೂನಿವರ್ಸಲ್ ಆಮೇಲೆ

ಮೊದಲೇ ಹೇಳಿಬಿಡುತ್ತೇನೆ: ಮೈ ದಪ್ಪಗಿದ್ದು, ಫ್ಲಾರಿಡಾದ ಒರ್ಲ್ಯಾಂಡೊಗೆ ಒಂದೇ ವಾರದ ರಜೆಯಲ್ಲಿ ಹೋಗುತ್ತಿದ್ದು, ಅಲ್ಲಿನ ಎರಡು ದೊಡ್ಡ ಥೀಮ್ ಪಾರ್ಕು ಕಂಪನಿಗಳಾದ ಡಿಸ್ನಿ, ಯೂನಿವರ್ಸಲ್‌ಗಳಲ್ಲಿ ಒಂದರ ಟಿಕೆಟ್ಟಿಗಷ್ಟೇ ದುಡ್ಡು ಸಾಲುವುದಾದರೆ ಡಿಸ್ನಿಗೆ ಹಾಕಿ. ಯೂನಿವರ್ಸಲ್‌ನ ರೈಡುಗಳು ಅದಕ್ಕಿಂತ ಜೋರು, ಮಜವೂ ಹೆಚ್ಚು, ಅದರಲ್ಲಿ ತಕರಾರಿಲ್ಲ. ಆದರೆ ಸೀಟಿನ ಕಂಬಿ ಲಾಕ್ ಆಗದಿದ್ದರೆ ಆ ಮಜವೆಲ್ಲ ಪಕ್ಕದಲ್ಲಿ ಕೂತವರಿಗೆ. ಡಿಸ್ನಿಯಲ್ಲಿ ದಪ್ಪ ಮೈಯವರನ್ನು ನಿಜಕ್ಕೂ ಸತಾಯಿಸುವ ರೈಡುಗಳು ಎರಡು. ಯೂನಿವರ್ಸಲ್‌ನಲ್ಲಿ ಹೆಸರಾಂತ ರೈಡು ಎಂದರೆ ಮೊದಲು ಟೆಸ್ಟ್ ಸೀಟು (ಮೈ ಹೊಂದುತ್ತದೋ ಎಂದು ಕೂತು ನೋಡಲು ಹೊರಗೆ ಇಟ್ಟಿರುವ ಮಾದರಿ ಸೀಟು), ಆಮೇಲೆ ಕ್ಯೂ.

ತೂಕ ಎಷ್ಟು ಎಂದು ಯಾರೂ ಕೇಳುವುದಿಲ್ಲ. ರೋಲರ್ ಕೋಸ್ಟರ್‌ಗಳ ಬಾಗಿಲಲ್ಲಿ ತಕ್ಕಡಿ ಇಟ್ಟಿಲ್ಲ. (ನೀರಿನ ಪಾರ್ಕುಗಳ ಕೆಲವು ಸ್ಲೈಡುಗಳ ಮಾತು ಬೇರೆ, ಅಲ್ಲಿ ತೂಕದ ಮಿತಿ ಉಂಟು.) ಆ ತೂಕ ಮೈಯಲ್ಲಿ ಎಲ್ಲಿ ಕೂತಿದೆ ಎಂಬುದೇ ಲೆಕ್ಕ. 120 ಕೆಜಿಯ ಆರಡಿ ಆಳು, ತೂಕವೆಲ್ಲ ಬೆನ್ನಿಗೆ, ತೊಡೆಗೆ ಹಂಚಿಹೋಗಿದ್ದರೆ, ಆರಾಮಾಗಿ ಹೋಗಿಬರಬಹುದು. 90 ಕೆಜಿಯ ಐದಡಿ ನಾಲ್ಕಂಗುಲದವರು, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಗುಡಾಣ, ಅಂದರೆ ನಮ್ಮ ಕಡೆ ಐವತ್ತು ದಾಟಿದ ಗಂಡಸರ ಮಾಮೂಲಿ ಮೈಕಟ್ಟು, ಅದೇ ಸೀಟಿನಿಂದ ಎದ್ದು ಬರಬೇಕಾಗಬಹುದು. ಹೆಂಗಸರಿಗೆ ಎದೆಯ ಭಾಗ ಅಡ್ಡ ಬರುತ್ತದೆ. ಕೆಲವರಿಗೆ ತೊಡೆ, ಕೆಲವರಿಗೆ ಮೀನಖಂಡ. ಇಲ್ಲಿನ ಹೋಲಿಕೆ ಹೊಟ್ಟೆ ಮುಂದಿದ್ದು ಮೀನಖಂಡವೂ ದಪ್ಪ ಇರುವ ಮೈಯ ಲೆಕ್ಕದ್ದು. ನಿಮ್ಮದು ಬೇರೆ ಬಗೆಯಾದರೆ ಅಷ್ಟು ತಿದ್ದಿಕೊಂಡು ಓದಿ.

ಇನ್ನೊಂದು ಮಾತು, ಅಳತೆಯ ಬಗ್ಗೆ. ಪ್ಯಾಂಟಿನ ಸೈಜು ನಂಬಬೇಡಿ. 38ರ ಪ್ಯಾಂಟು ಹಾಕುವ ಬಹಳ ಜನ ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತಾರೆ. ಹೊಕ್ಕುಳದ ಮಟ್ಟದಲ್ಲಿ ಟೈಲರ್ ಟೇಪು ಸುತ್ತಿದರೆ 43, 44 ಬರುತ್ತದೆ. ಕಂಬಿಗೆ ತಾಗುವುದು ಆ ಎರಡನೆಯ ಸಂಖ್ಯೆ. ನಿಂತು ಒಂದು ಸಲ, ಕುರ್ಚಿಯಲ್ಲಿ ಕೂತು ಒಂದು ಸಲ ಅಳೆದುಕೊಳ್ಳಿ. ಕೂತಾಗ ಹೊಟ್ಟೆ ಮುಂದಕ್ಕೆ ಬರುವುದರಿಂದ ಅಳತೆ ಇನ್ನೂ ಏರುತ್ತದೆ.

ಯೂನಿವರ್ಸಲ್‌ನ ಮುಖ್ಯ ತೊಡಕು ಭುಜದ ಮೇಲಿಂದ ಇಳಿಯುವ ಕಂಬಿ. ಬಿಡದಿಯ ವಂಡರ್‌ಲಾದಲ್ಲಿ ರಿಕಾಯಿಲ್ ಹತ್ತಿದವರಿಗೆ ಈ ಬಗೆ ಗೊತ್ತು. ತಲೆಯ ಮೇಲಿಂದ ಬಂದು ಎದೆ, ಹೊಟ್ಟೆ ಎರಡನ್ನೂ ಒಟ್ಟಿಗೆ ಒತ್ತುತ್ತದೆ. ಹೊಟ್ಟೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಳ್ಳುವ ಉಪಾಯ ಇಲ್ಲಿ ನಡೆಯುವುದಿಲ್ಲ. ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಪಾರ್ಕಿನ ಹಸಿರು ಹಲ್ಕ್ ಕೋಸ್ಟರ್ ಈ ಜಾತಿಯದು. 2016ರಲ್ಲಿ ಹಳಿ, ಗಾಡಿ ಎಲ್ಲ ಹೊಸದಾಗಿ ಮಾಡಿದರೂ ಸೀಟಿನ ತತ್ವ ಬದಲಾಗಲಿಲ್ಲ. ಕಂಬಿ ಇಳಿದರೆ ಸಾಲದು, ಅದನ್ನು ಸೀಟಿಗೆ ಜೋಡಿಸುವ ಬೆಲ್ಟಿನ ಕೊಂಡಿಯೂ ಬೀಳಬೇಕು. ಬೆಲ್ಟಿನ ಉದ್ದ ನಿಗದಿ, ವಿಮಾನದ ಬೆಲ್ಟಿನಂತೆ ಎಳೆದು ಉದ್ದ ಮಾಡಲು ಬರುವುದಿಲ್ಲ. ಕಂಬಿ ಎರಡು ಬೆರಳು ಮೇಲೆ ನಿಂತರೂ ಕೊಂಡಿ ಮುಟ್ಟುವುದಿಲ್ಲ. ಕೆಲವು ಸಾಲುಗಳಲ್ಲಿ ಎರಡು ಬೆಲ್ಟಿನ, ದೊಡ್ಡ ಮೈಗೆಂದೇ ಮಾಡಿದ ಸೀಟುಗಳಿವೆ. ಪ್ಲಾಟ್‌ಫಾರ್ಮಿನಲ್ಲಿರುವ ಸಿಬ್ಬಂದಿಗೆ “ಮಾಡಿಫೈಡ್ ಸೀಟ್” ಎಂದರೆ ಸಾಕು, ಯಾವ ಸಾಲು ಎಂದು ತೋರಿಸುತ್ತಾರೆ. ನಾಚಿಕೊಂಡು ಸುಮ್ಮನೆ ಹೇಳಿದ ಸಾಲಿಗೆ ಹೋಗಿ ನಿಂತರೆ, ಗಾಡಿ ತುಂಬ ಜನ ಕಾಯುತ್ತಿರುವಾಗ ಎದ್ದು ಬರುವ ಪಾಡಾಗುತ್ತದೆ. ಅದಕ್ಕಿಂತ ಆ ಎರಡು ಪದ ಸುಲಭ.

ಅದೇ ಪಾರ್ಕಿನ ಹ್ಯಾರಿ ಪಾಟರ್ ಫರ್ಬಿಡನ್ ಜರ್ನಿಯದೂ ಭುಜದ ಕಂಬಿಯೇ. ನಾಲ್ಕು ಸೀಟಿನ ಬೆಂಚನ್ನು ರೋಬೋಟಿನ ತೋಳು ಹಿಡಿದು ಆಡಿಸುತ್ತದೆ, ನಡುವೆ ಬೆನ್ನ ಮೇಲೆ ಮಲಗಿಸುತ್ತದೆ. ಹಾಗಾಗಿ ಕಂಬಿಯ ವಿಷಯದಲ್ಲಿ ರಾಜಿ ಇಲ್ಲ. 2010ರ ಜೂನ್‌ನಲ್ಲಿ ತೆರೆದಾಗ ಎಷ್ಟು ಜನರನ್ನು ವಾಪಸ್ ಕಳಿಸಬೇಕಾಯಿತೆಂದರೆ, ಅದೇ ವರ್ಷ ಪ್ರತಿ ಬೆಂಚಿನ ಎರಡು ತುದಿಯ ಸೀಟುಗಳನ್ನು ದೊಡ್ಡ ಮೈಗೆ ಹೊಂದುವಂತೆ ತಿದ್ದಿದರು. ಆದ್ದರಿಂದ ನಡುವಿನ ಸೀಟು ಕೊಟ್ಟರೆ ಬೇಡವೆಂದು ತುದಿಯದನ್ನು ಕೇಳಿ. ಟೆಸ್ಟ್ ಸೀಟು ಈ ರೈಡಿರುವ ಕೋಟೆಯ ಬಾಗಿಲ ಹತ್ತಿರವೇ ಇದೆ.

ಅಲ್ಲೇ ಇರುವ ವೆಲೊಸಿಕೋಸ್ಟರ್ ನೋಡಲು ಎಲ್ಲಕ್ಕಿಂತ ಭಯಂಕರ: 155 ಅಡಿ ಎತ್ತರ, ಗಂಟೆಗೆ 70 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 113 ಕಿಮೀ. ವಿಚಿತ್ರವೆಂದರೆ, ಹೊಟ್ಟೆಯವರಿಗೆ ಹಲ್ಕ್‌ಗಿಂತ ಇದೇ ವಾಸಿ. ಭುಜದ ಕಂಬಿಯಿಲ್ಲ, ತೊಡೆಯ ಮೇಲೆ ಕೂರುವ ಲ್ಯಾಪ್ ಬಾರ್ ಮಾತ್ರ. ಸಿಬ್ಬಂದಿ ಅದನ್ನು ಬಲವಾಗಿ ಒತ್ತುತ್ತಾರೆ, ಊಟವಾದ ಕೂಡಲೇ ಹೋಗಬೇಡಿ. ಫೋನು, ಪರ್ಸು, ಬೀಗದ ಕೈ ಎಲ್ಲ ಮೊದಲೇ ಲಾಕರಿಗೆ, ಲೋಹ ಪತ್ತೆ ಮಾಡುವ ಬಾಗಿಲು ದಾಟಿಯೇ ಒಳಗೆ ಬಿಡುವುದು. ಇದೂ ದಪ್ಪ ಮೈಯವರಿಗೆ ಒಳ್ಳೆಯದೇ. ಜೇಬಿನಲ್ಲಿ ಫೋನಿದ್ದರೆ ಅದರ ದಪ್ಪಕ್ಕೆ ಕಂಬಿ ಮೇಲೆ ನಿಲ್ಲುತ್ತದೆ.

ಹ್ಯಾಗ್ರಿಡ್‌ನ ಮೋಟಾರ್‌ಬೈಕಿನಲ್ಲಿ ಎರಡು ಬಗೆಯ ಸೀಟು. ಒಂದು ಬೈಕಿನ ಮೇಲೆ ಕಾಲು ಅಗಲಿಸಿ ಕೂರುವುದು, ಇನ್ನೊಂದು ಪಕ್ಕದ ಸೈಡ್‌ಕಾರಿನಲ್ಲಿ ಕಾಲು ಮುಂದೆ ಚಾಚಿ ಕೂರುವುದು. ಒಂದು ಒಲ್ಲೆ ಎಂದರೆ ಇನ್ನೊಂದು ಒಪ್ಪಬಹುದು. ಎರಡರಲ್ಲೂ ಕೂತು ನೋಡಿ.

ಈಗ ನಗು ಬರಿಸುವ ಸಂಗತಿ. ಲಾಸ್ ಏಂಜಲೀಸ್‌ನ ಯೂನಿವರ್ಸಲ್‌ನಲ್ಲಿ 2023ರಲ್ಲಿ ಮಾರಿಯೊ ಕಾರ್ಟ್ ತೆರೆದಾಗ, ಸೊಂಟ 40 ಅಂಗುಲ ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಹತ್ತಲು ಆಗದಿರಬಹುದು ಎಂದು ಪಾರ್ಕೇ ಹೇಳಿತ್ತು. ಅದೇನು ತಲೆಕೆಳಗಾಗಿ ತಿರುಗುವ ಕೋಸ್ಟರ್ ಅಲ್ಲ, ಮಕ್ಕಳ ಜೊತೆ ಕೂತು ನಿಧಾನವಾಗಿ ಹೋಗುತ್ತ ಗುರಿಯಿಟ್ಟು ಆಡುವ ಆಟದ ಗಾಡಿ. 113 ಕಿಮೀ ವೇಗದ ಗಾಡಿಯಲ್ಲಿ ಜಾಗ ಸಿಕ್ಕವರಿಗೆ ಆಮೆ ನಡಿಗೆಯ ಗಾಡಿಯಲ್ಲಿ ಸಿಗದೇ ಹೋಗಬಹುದು. ವೇಗಕ್ಕೂ ಸೀಟಿನ ಅಗಲಕ್ಕೂ ಸಂಬಂಧವಿಲ್ಲ, “ಸಣ್ಣ ರೈಡು ತಾನೆ, ಆಗುತ್ತೆ ಬಿಡಿ” ಅನ್ನುವ ಲೆಕ್ಕ ತಪ್ಪುತ್ತದೆ. ಒರ್ಲ್ಯಾಂಡೊದಲ್ಲಿ 2025ರ ಮೇ 22ರಂದು ತೆರೆದ ಯೂನಿವರ್ಸಲ್‌ನದೇ ಇನ್ನೊಂದು ಪಾರ್ಕು ಎಪಿಕ್ ಯೂನಿವರ್ಸ್‌ನಲ್ಲೂ ಮಾರಿಯೊ ಕಾರ್ಟ್ ಇದೆ. ಅದೊಂದಕ್ಕಾಗಿಯೇ ಟಿಕೆಟ್ ತೆಗೆಯುವವರು ಟೇಪು ಹಿಡಿದು ಯೋಚಿಸಿ.

ಡಿಸ್ನಿಯ ಕಡೆಗೆ ಬಂದರೆ ಅಲ್ಲಿನ ಬಹುಪಾಲು ರೈಡುಗಳಿಗೆ ಈ ಯೋಚನೆಯೇ ಬೇಡ. ದೋಣಿಗಳು, ಬೆಂಚುಗಳು, ಉದ್ದ ಬೆಲ್ಟುಗಳು. ಟವರ್ ಆಫ್ ಟೆರರ್‌ನಲ್ಲಿ ಬೆಲ್ಟು. ಟೆಸ್ಟ್ ಟ್ರ್ಯಾಕ್‌ನಲ್ಲಿ ಕಾರಿನಂಥದೇ ಬೆಲ್ಟು. 2022ರಲ್ಲಿ ಡಿಸ್ನಿಯ ಎಪ್ಕಾಟ್ ಪಾರ್ಕಿನಲ್ಲಿ ತೆರೆದ ಕಾಸ್ಮಿಕ್ ರಿವೈಂಡ್ ಹೊಸ ಕೋಸ್ಟರ್‌ಗಳಲ್ಲೇ ದೊಡ್ಡ ಮೈಗೆ ಅನುಕೂಲವಾದದ್ದು: ಒಬ್ಬರಿಗೊಂದು ಲ್ಯಾಪ್ ಬಾರ್, ಸೀಟೂ ವಿಶಾಲ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್ ಹೊಟ್ಟೆಯವರಿಗಿಂತ ಉದ್ದ ಕಾಲಿನವರಿಗೆ ಇಕ್ಕಟ್ಟು. ಹಾಂಟೆಡ್ ಮ್ಯಾನ್ಷನ್‌ನಂಥ ಕಡೆ ಇಬ್ಬರು ಮೂವರಿಗೆ ಸೇರಿ ಒಂದೇ ಕಂಬಿ. ಅಲ್ಲಿ ಕಂಬಿ ನಿಲ್ಲುವುದು ದೊಡ್ಡ ಹೊಟ್ಟೆಯ ಲೆಕ್ಕಕ್ಕೆ, ಪಕ್ಕದ ಮಗುವಿಗೆ ಒಂದು ಮೊಳ ಸಡಿಲ. ನಿಧಾನದ ರೈಡಾದ್ದರಿಂದ ಅಪಾಯವಿಲ್ಲ, ಆದರೂ ಮಗುವನ್ನು ಸಣ್ಣ ಮೈಯವರ ಜೊತೆ ಕೂರಿಸುವುದು ಮೇಲು. ಸ್ಪೇಸ್ ಮೌಂಟೇನ್‌ನಲ್ಲಿ ಕೂರುವುದಕ್ಕಿಂತ ಏಳುವುದು ಕಷ್ಟ, ಸೀಟು ಅಷ್ಟು ತಗ್ಗು. ಮಂಡಿ ನೋವಿರುವ ಅಪ್ಪ ಅಮ್ಮಂದಿರಿಗೆ ಹೇಳಿಯೇ ಕರೆದುಕೊಂಡು ಹೋಗಿ.

ಹಾಗಾದರೆ ಡಿಸ್ನಿಯ ಎರಡು ಕಿರಿಕಿರಿ ಯಾವುವು? ಅವತಾರ್ ಫ್ಲೈಟ್ ಆಫ್ ಪ್ಯಾಸೇಜ್ ಮತ್ತು ಟ್ರಾನ್. ಅದರಲ್ಲೂ 2023ರ ಏಪ್ರಿಲ್‌ನಲ್ಲಿ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ ತೆರೆದ ಟ್ರಾನ್ ಎಂಬ ಕೋಸ್ಟರ್ ಬಗ್ಗೆ ವಿವರವಾಗಿ ಹೇಳಲೇಬೇಕು. ಹೊಟ್ಟೆಯನ್ನೇ ಅಳೆದುಕೊಂಡು ಬಂದವರು ಇಲ್ಲಿ ಬೇರೆ ಕಡೆ ಸಿಕ್ಕಿಬೀಳುತ್ತಾರೆ.

ಟ್ರಾನ್‌ನಲ್ಲಿ ಸೀಟು ಎಂಬುದಿಲ್ಲ. ರೇಸಿಂಗ್ ಬೈಕ್ ಓಡಿಸುವವರಂತೆ ಕಾಲು ಅಗಲಿಸಿ, ಎದೆಯನ್ನು ಮುಂದಕ್ಕೆ ಬಾಗಿಸಿ ಕೂರಬೇಕು. ಹ್ಯಾಂಡಲನ್ನು ನಿಮ್ಮ ಕಡೆಗೆ ಎಳೆದುಕೊಂಡಾಗ ಸೊಂಟದ ಹಿಂದೆ ಒಂದು ದಿಂಡು ಬಂದು ಒತ್ತುತ್ತದೆ, ಕಾಲಿನ ಹಿಂದೆ, ಮೀನಖಂಡದ ಮೇಲೆ, ಇನ್ನೊಂದು ಹಿಡಿತ ಬೀಳುತ್ತದೆ. ಎರಡೂ ಬಿಗಿಯಾಗಿ ಕೂತರೆ ಮಾತ್ರ ಗಾಡಿ ಹೊರಡುತ್ತದೆ. ಹೊಟ್ಟೆ ಮುಂದಕ್ಕೆ ಬಾಗಿ ಹೇಗೋ ಹೊಂದಿಕೊಳ್ಳುತ್ತದೆ, ಬೊಜ್ಜು ಒತ್ತಿದರೆ ಜಗ್ಗುತ್ತದೆ. ಮೀನಖಂಡ ಹಾಗಲ್ಲ. ಅಲ್ಲಿರುವುದು ಹೆಚ್ಚಾಗಿ ಮಾಂಸ, ಒತ್ತಿದರೆ ಒಂದಂಗುಲವೂ ಕೊಡುವುದಿಲ್ಲ. ಅದಕ್ಕೇ ಹೊಟ್ಟೆಯೇ ಇಲ್ಲದ ಸೈಕಲ್ ತುಳಿಯುವವರು, ಫುಟ್‌ಬಾಲ್ ಆಡುವವರು ಕೂಡ ಇಲ್ಲಿಂದ ವಾಪಸಾಗುತ್ತಾರೆ. ಕಾಲು ಊದುವ ತೊಂದರೆ ಇದ್ದವರಿಗಂತೂ ಮಧ್ಯಾಹ್ನದ ನಂತರ ಇನ್ನೂ ಕಷ್ಟ. ದಿನವಿಡೀ ನಡೆದು ಕಾಲು ಬಾತಿರುತ್ತದೆ, ಬೆಳಗ್ಗೆ ಸೇರಿದ ಕಾಲು ಸಂಜೆ ಸೇರುವುದಿಲ್ಲ.

ಮಾಡಬಹುದಾದದ್ದು ಇಷ್ಟು. ರೈಡಿನ ಬಾಗಿಲ ಹತ್ತಿರ ಮಾದರಿ ಬೈಕು ಇಟ್ಟಿದ್ದಾರೆ, ಅದರಲ್ಲಿ ಮೊದಲು ಕೂತು ನೋಡಿ. ದಪ್ಪ ಜೀನ್ಸ್, ಮೊಣಕಾಲ ಕೆಳಗೆ ಜೇಬಿರುವ ಕಾರ್ಗೋ ಪ್ಯಾಂಟು ಬೇಡ. ತೆಳು ಬಟ್ಟೆ ಅಥವಾ ಚಡ್ಡಿಯಾದರೆ ಆ ಚೂರು ಜಾಗವೂ ಉಳಿಯುತ್ತದೆ. ಹಿಂದಕ್ಕೆ ಜಾರಿ ಕೂರದೆ, ಮೈಯನ್ನು ಎಷ್ಟು ಸಾಧ್ಯವೋ ಅಷ್ಟು ಮುಂದಕ್ಕೆ ತಳ್ಳಿ, ಎದೆಯನ್ನು ಮುಂದಿನ ದಿಂಡಿಗೆ ಒತ್ತಿ, ಆಮೇಲೆ ಹ್ಯಾಂಡಲ್ ಎಳೆಯಿರಿ. ಇದೇ ಉಪಾಯ ಅವತಾರ್‌ನಲ್ಲೂ ನಡೆಯುತ್ತದೆ, ಅಲ್ಲಿಯೂ ಬೆನ್ನಿಗೊಂದು, ಕಾಲಿಗೊಂದು ಹಿಡಿತ.

ಇಷ್ಟಾದರೂ ಆಗದಿದ್ದರೆ ಟ್ರಾನ್‌ಗೆ ಇನ್ನೊಂದು ದಾರಿ ಇದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಕೆಲವು ಗಾಡಿಗಳ ಕೊನೆಯಲ್ಲಿ ಇಬ್ಬರು ಕೂರುವ ಮಾಮೂಲಿ ಸೀಟಿದೆ: ಕಾಲು ಮುಂದೆ ಚಾಚಿ, ತೊಡೆಯ ಮೇಲೆ ಲ್ಯಾಪ್ ಬಾರ್. ಮೀನಖಂಡದ ರಗಳೆಯೇ ಇಲ್ಲ. ಕ್ಯೂ ಸೇರುವಾಗಲೇ ಸಿಬ್ಬಂದಿಗೆ ಹೇಳಬೇಕು. ಎಲ್ಲ ಗಾಡಿಯಲ್ಲೂ ಆ ಸೀಟಿಲ್ಲದ ಕಾರಣ ಪ್ಲಾಟ್‌ಫಾರ್ಮಿನಲ್ಲಿ ಸ್ವಲ್ಪ ಕಾಯಿಸುತ್ತಾರೆ. ಬೈಕಿನ ಮೇಲೆ ಬಾಗಿ ಹೋಗುವ ಖುಷಿ ತಪ್ಪುತ್ತದೆ ನಿಜ, ಆದರೆ ಹಳಿ ಅದೇ, ವೇಗ ಅದೇ. ಡಿಸ್ನಿಗೆ ನಾನು ಹೆಚ್ಚು ಅಂಕ ಕೊಡುವುದು ಇಂಥ ಕಡೆ. ಕಷ್ಟದ ಸೀಟು ಮಾಡಿದರು, ಪಕ್ಕದಲ್ಲೇ ಸುಲಭದ್ದೂ ಒಂದು ಇಟ್ಟರು.

ದುಡ್ಡಿನ ಲೆಕ್ಕವೂ ಇಲ್ಲೇ ಬರುತ್ತದೆ. ಡಿಸ್ನಿಯಲ್ಲಿ ಟ್ರಾನ್‌ನಂಥ ರೈಡಿಗೆ ಕ್ಯೂ ತಪ್ಪಿಸುವ ಸಿಂಗಲ್ ಪಾಸ್ ಬಿಡಿಯಾಗಿ ಸಿಗುತ್ತದೆ, ಬೆಲೆ ದಿನಕ್ಕೊಂದು. ಮಾದರಿ ಬೈಕಿನಲ್ಲಿ ಕೂತು ನೋಡುವ ಮೊದಲು ಅದನ್ನು ಕೊಳ್ಳಬೇಡಿ. ಕೊಂಡೇ ತೀರಬೇಕೆಂದರೆ ಕೊನೆಯ ಸೀಟಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಕೊಳ್ಳಿ. ಯೂನಿವರ್ಸಲ್‌ನ ಎಕ್ಸ್‌ಪ್ರೆಸ್ ಪಾಸ್ ಇಡೀ ಪಾರ್ಕಿಗೆ ಒಟ್ಟಾಗಿ ಕೊಳ್ಳುವಂಥದ್ದು, ಅದೂ ದುಬಾರಿ. ನಾಲ್ಕು ದೊಡ್ಡ ರೈಡಿನಲ್ಲಿ ಎರಡು ಕೈಕೊಟ್ಟರೆ ಅರ್ಧ ದುಡ್ಡು ನೀರುಪಾಲು. ಮೊದಲ ದಿನ ಪಾಸಿಲ್ಲದೆ ಹೋಗಿ, ಬೆಳಗ್ಗೆ ಒಂದು ಸುತ್ತು ಬರೀ ಟೆಸ್ಟ್ ಸೀಟುಗಳಿಗೇ ಮೀಸಲಿಟ್ಟು, ಹೊಂದಿದ ರೈಡುಗಳನ್ನು ಎಣಿಸಿ, ಆಮೇಲೆ ಪಾಸು ಬೇಕೋ ಬೇಡವೋ ನೋಡುವುದು ಜಾಣತನ.

ಟೆಸ್ಟ್ ಸೀಟಿನಲ್ಲಿ ಜನ ಮಾಡುವ ತಪ್ಪು, ಅರ್ಧಂಬರ್ಧ ಕೂತು ಕಂಬಿ ಎಳೆಯುವುದು. ಸರಿಯಾದ ಕ್ರಮ ಹೀಗೆ: ಜೇಬು ಖಾಲಿ ಮಾಡಿ, ಸೊಂಟಕ್ಕೆ ಕಟ್ಟಿದ ಜರ್ಕಿನ್ನು, ಚೀಲ ಬಿಚ್ಚಿ. ಅಂಡನ್ನು ಸೀಟಿನ ಮೂಲೆಗೆ ತಾಗುವವರೆಗೂ ಹಿಂದಕ್ಕೆ ಒತ್ತಿ, ಬೆನ್ನು ನೆಟ್ಟಗೆ. ಜಾರಿ ಕೂತರೆ ಹೊಟ್ಟೆ ಮಡಿಚಿ ಮುಂದಕ್ಕೆ ಬರುತ್ತದೆ, ಹೊಂದುವ ಸೀಟೂ ಹೊಂದುವುದಿಲ್ಲ. ಲ್ಯಾಪ್ ಬಾರ್ ಆದರೆ ಹೊಟ್ಟೆಯನ್ನು ಎರಡು ಕೈಯಿಂದ ಎತ್ತಿ ಹಿಡಿದು, ಕಂಬಿ ತೊಡೆಯ ಬುಡಕ್ಕೆ ಇಳಿದ ಮೇಲೆ ಕೈ ಬಿಡಬೇಕು. ಹೊಟ್ಟೆ ಕಂಬಿಯ ಮೇಲೆ ಕೂರಬೇಕು, ಕೆಳಗೆ ಸಿಕ್ಕಬಾರದು. ಭುಜದ ಕಂಬಿಯಾದರೆ ಉಸಿರು ಪೂರ್ತಿ ಬಿಟ್ಟು, ಎದೆಯ ಹತ್ತಿರ ಹಿಡಿಯದೆ ಹೊಟ್ಟೆಯ ಹತ್ತಿರದ ತುದಿ ಹಿಡಿದು ಎಳೆಯಬೇಕು. ಆಮೇಲೆ ಒಮ್ಮೆ ಪೂರ್ತಿ ಉಸಿರೆಳೆದು ನೋಡಿ. ಲಾಕ್ ಆಗಿಯೂ ಉಸಿರಾಡಲು ಆಗದಿದ್ದರೆ ಅದು ಹೊಂದಿದ ಲೆಕ್ಕವಲ್ಲ.

ನನ್ನ ಲೆಕ್ಕ ಹೀಗೆ: ಮಕ್ಕಳು, ಊರಿಂದ ಬಂದ ಹಿರಿಯರು ಎಲ್ಲ ಸೇರಿ ಹೋಗುವುದು, ಎಲ್ಲರೂ ಒಟ್ಟಿಗೆ ಕೂತು ಬರಬೇಕೆಂಬ ಆಸೆ, ಖರ್ಚು ಮಾಡಿದ್ದಕ್ಕೆ ದಿನ ತುಂಬಬೇಕೆಂಬ ಜಿಪುಣತನ. ಅದಕ್ಕೆ ಡಿಸ್ನಿಗೆ ಮೂರು ದಿನ, ಯೂನಿವರ್ಸಲ್‌ಗೆ ಒಂದು ದಿನ, ಅದೂ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಒಂದಕ್ಕೇ. ಒಬ್ಬರೇ ಹೋಗುವ ಕೋಸ್ಟರ್ ಹುಚ್ಚಿನವರಾಗಿದ್ದು, ತೂಕ ಹೊಟ್ಟೆಯಲ್ಲಿರದೆ ತೊಡೆ, ಬೆನ್ನಿನಲ್ಲಿ ಇದ್ದರೆ ಇದನ್ನು ತಿರುಗುಮುರುಗು ಮಾಡಿಕೊಳ್ಳಿ, ವೆಲೊಸಿಕೋಸ್ಟರ್‌ನಿಂದ ಶುರು ಮಾಡಿ. ಮೀನಖಂಡ ಮಾತ್ರ ಮನೆಯಲ್ಲೇ ಅಳೆದುಕೊಂಡು ಹೋಗಿ, ಸಂಜೆ ಹೊತ್ತು, ಕಾಲು ಬಾತ ಮೇಲೆ.