ಡಬ್ಬಿ ಮೇಲಿನ ಸೈಜ್ ನಂಬಿ ಎಂಜಿನ್ ಕೆಡಿಸಿಕೊಂಡೆ

ಬೈಕಿನ ಎಂಜಿನ್ ಬಿಚ್ಚಿ ನೀವೇ ಜೋಡಿಸುವವರಾದರೆ ಇದನ್ನು ಓದಿ. ಹೊಸ ಪಿಸ್ಟನ್, ಹೊಸ ರಿಂಗ್, ಆಗಷ್ಟೇ ಬೋರ್ ಮಾಡಿಸಿದ (ಒಳಗೋಡೆ ಕೊರೆದು ಅಗಲ ಮಾಡಿಸಿದ) ಸಿಲಿಂಡರ್, ಮೂರನ್ನೂ ನಾನು ಒಂದೇ ದಿನ ಹಾಳು ಮಾಡಿಕೊಂಡೆ.

ನನ್ನದು 70 ಮಿ.ಮೀ. ಬೋರಿನ (ಒಳವ್ಯಾಸದ) ಸಿಂಗಲ್ ಸಿಲಿಂಡರ್. ಹೊಗೆ ಜಾಸ್ತಿಯಾಗಿ ಆಯಿಲ್ ಕುಡಿಯುತ್ತಿತ್ತು. ಸಿಲಿಂಡರನ್ನು ಅರ್ಧ ಮಿ.ಮೀ. ದೊಡ್ಡದಾಗಿ, ಅಂದರೆ 0.50 ಓವರ್‌ಸೈಜ್‌ಗೆ ಬೋರ್ ಮಾಡಿಸಿ, ಆಮೇಲೆ ಪಿಸ್ಟನ್ ಕಿಟ್ ತಂದೆ. ಮೊದಲ ಎಡವಟ್ಟು ಇದೇ. ಪಿಸ್ಟನ್ ಮೊದಲು ಕೈಗೆ ಬರಬೇಕು, ಅದನ್ನು ಮೈಕ್ರೋಮೀಟರಿನಲ್ಲಿ ಅಳೆದು ಆ ಅಳತೆ ನೋಡಿಕೊಂಡು ಬೋರ್ ಮಾಡಿಸಬೇಕು. ಡಬ್ಬಿ ಮೇಲೆ 0.50 ಅಂತಿತ್ತು, ನಾನು ನಂಬಿಬಿಟ್ಟೆ.

ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ ಕೂರಿಸುವಾಗಲೇ ಸಂಶಯ ಬರಬೇಕಿತ್ತು. ಆಯಿಲ್ ಹಚ್ಚಿ ಹೆಬ್ಬೆರಳಲ್ಲಿ ಒತ್ತಿದರೆ ಜಾರಿ ಹೋಗಬೇಕಾದ ಪಿನ್ ಅರ್ಧಕ್ಕೇ ನಿಂತಿತು. ಹೊಸದಲ್ವಾ, ಟೈಟ್ ಇರುತ್ತೆ ಅಂದುಕೊಂಡು ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಎರಡೇಟು ಹಾಕಿದೆ. ಹೀಗೆ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಲೂಬಹುದು. ನನ್ನದು ಬಾಗಲಿಲ್ಲ, ಅದೊಂದು ಪುಣ್ಯ.

ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಅಂತೂ ನೋಡಲೇ ಇಲ್ಲ. ಸಂದು ಅಳೆಯುವ ಫೀಲರ್ ಗೇಜ್ ಪಕ್ಕದಲ್ಲೇ ಬಿದ್ದಿತ್ತು!

ಮೂರನೇ ಸಲ ಓಡಿಸುವಾಗ ಎಂಜಿನ್ ಭಾರವಾದಂತೆ ಅನಿಸಿತು. ಥ್ರಾಟಲ್ ತಿರುಗಿಸಿದರೂ ಎಳೆಯಲಿಲ್ಲ. ಇದ್ದಕ್ಕಿದ್ದಂತೆ ಹಿಂದಿನ ಚಕ್ರ ಲಾಕ್ ಆಯಿತು. ಕ್ಲಚ್ ಹಿಡಿದದ್ದಕ್ಕೆ ಬೀಳದೆ ಉಳಿದೆ.

ಬಿಚ್ಚಿ ನೋಡಿದರೆ ಬೋರಿನ ಉದ್ದಕ್ಕೂ ಗೀರು. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳ. ಮೇಲಿನ ರಿಂಗಿನ ಎರಡೂ ತುದಿ ಕನ್ನಡಿಯಂತೆ ಹೊಳೆಯುತ್ತಿದ್ದವು. ಬಿಸಿಗೆ ಹಿಗ್ಗಿ ಒಂದಕ್ಕೊಂದು ಗುದ್ದಿಕೊಂಡ ಗುರುತು ಅದು. ಬೋರಿನ ಕೆಳತುದಿಯಲ್ಲಿ, ರಿಂಗ್ ಓಡಾಡದ ಜಾಗದಲ್ಲಿ ಇಟ್ಟು ಅಳೆದೆ: ಅಷ್ಟು ಸವೆದ ಮೇಲೂ ಗ್ಯಾಪ್ ಬರೀ 0.10 ಮಿ.ಮೀ. ಈ ಬೋರಿನ ಸುತ್ತಳತೆ ಸುಮಾರು 220 ಮಿ.ಮೀ. ಸಿಲಿಂಡರ್ ಗೋಡೆಗಿಂತ 100 ಡಿಗ್ರಿ ಜಾಸ್ತಿ ಬಿಸಿಯಾದರೆ ಎರಕದ ರಿಂಗ್ ಹತ್ತಿರ ಹತ್ತಿರ ಕಾಲು ಮಿಲಿಮೀಟರ್ ಹಿಗ್ಗುತ್ತದೆ. ಜಾಗ ಎಲ್ಲಿದೆ?

ಅಳೆಯುವುದು ಐದು ನಿಮಿಷದ ಕೆಲಸ. ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ ತಲೆಯಿಂದಲೇ ಒತ್ತಿ ಒಂದಿಂಚು ಒಳಗೆ ತಳ್ಳಿ. ಆಗ ಓರೆಯಾಗದೆ ಕೂರುತ್ತದೆ. ಗ್ಯಾಪಿಗೆ ಫೀಲರ್ ಗೇಜ್ ಹಾಕಿ ಮ್ಯಾನುಯಲ್ ಜೊತೆ ಹೋಲಿಸಿ. ಸ್ವಲ್ಪ ಕಮ್ಮಿಯಿದ್ದರೆ ಒಂದೇ ತುದಿಯನ್ನು, ಹೊರಗಿನಿಂದ ಒಳಕ್ಕೆ ಮಾತ್ರ ಅರದಿಂದ ಉಜ್ಜಬೇಕು. ಆದರೆ ವಾಪಸ್ ಕೊಡುವ ಯೋಚನೆಯಿದ್ದರೆ ಅರ ಮುಟ್ಟಲೇಬೇಡಿ. "ಫಿಟ್ ಮಾಡಿದ ಮಾಲು ವಾಪಸ್ ಇಲ್ಲ" ಅಂತ ಅಂಗಡಿಯವರು ನನ್ನನ್ನು ಕಳಿಸಿದರು. ಅವರದ್ದೂ ಪೂರ್ತಿ ತಪ್ಪು ಅನ್ನಲಾರೆ, ಸುತ್ತಿಗೆ ಹಿಡಿದವನು ನಾನೇ.

ಈಗ ಸಿಲಿಂಡರ್ 1.00 ಓವರ್‌ಸೈಜ್‌ಗೆ ಹೋಗಿದೆ. ನನ್ನ ಎಂಜಿನ್‌ಗೆ ಇದಕ್ಕಿಂತ ದೊಡ್ಡ ಪಿಸ್ಟನ್ ಸಿಗುವುದಿಲ್ಲ. ಮುಂದಿನ ಸಲ ಸಿಲಿಂಡರಿನೊಳಗೆ ಹೊಸ ಸ್ಲೀವ್ (ಒಳಕೊಳವೆ) ಹಾಕಿಸುವುದೇ ಗತಿ.