ಒಂದು ಸಿಹಿ, ಒಂದು ಹುಳಿ, ಒಂದು ನೇರಳೆ

ಭಾವಮೈದ ಬ್ರಸೆಲ್ಸ್‌ನಿಂದ ಬರುವಾಗ ಎರಡು ಬಾಟಲಿ ಬಿಯರ್ ತಂದಿದ್ದ. ವಿಮಾನದಲ್ಲಿ ಬರುವವರು ಸುಂಕ ಕಟ್ಟದೆ ಎರಡು ಲೀಟರ್‌ವರೆಗೆ ಮದ್ಯ ತರಬಹುದು. ಇವು 750 ಎಂಎಲ್‌ನ ಎರಡು. ಪಂಚೆಯಲ್ಲಿ ಸುತ್ತಿ ಬಟ್ಟೆಗಳ ನಡುವೆ ಮಲಗಿಸಿದ್ದ. ಒಂದು ಲಿಂಡೆಮನ್ಸ್ ಕ್ರೀಕ್, ಇನ್ನೊಂದು ಕಾಂಟಿಯೋನ್ ಕ್ರೀಕ್. ಲಿಂಡೆಮನ್ಸ್, ಕಾಂಟಿಯೋನ್ ಬಿಯರ್ ಮಾಡುವವರ ಹೆಸರು; ಕ್ರೀಕ್ ಅಂದರೆ ಅಲ್ಲಿಯ ಭಾಷೆಯಲ್ಲಿ ಹುಳಿ ಚೆರ್ರಿ. ಎರಡೂ ಗೋಧಿ ಬೆರೆತ ಬಿಯರ್, ಎರಡಕ್ಕೂ ಹಣ್ಣು ಚೆರ್ರಿಯೇ. "ಭಾವ, ಬೇರೆ ಬೇರೆ ದಿನ ಕುಡೀಬೇಡಿ. ಪಕ್ಕಪಕ್ಕ ಇಟ್ಕೊಂಡು ಕುಡೀರಿ" ಅಂದ.

ಎರಡೇ ಆದರೆ ಏನು ಮಜಾ? ನಮ್ಮ ಕಡೆಯ ಹಣ್ಣಿನದೂ ಒಂದು ಇರಲಿ ಅಂತ ವೈನ್ ಸ್ಟೋರ್‌ನಿಂದ ಹೂಗಾರ್ಡನ್ ಎಂಬ ಗೋಧಿ ಬಿಯರ್ ತಂದೆ. ದೇವರಾಜ ಮಾರುಕಟ್ಟೆಯಲ್ಲಿ ಅರ್ಧ ಕೆಜಿ ಜಂಬು ನೇರಳೆ ತೆಗೆದುಕೊಂಡೆ. ಹಣ್ಣು ಕಿವುಚಿ, ಬೀಜ ತೆಗೆದು, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಉಪ್ಪು ಹಾಕಿದೆ. ಬರ್ಲಿನ್‌ನಲ್ಲಿ ಹುಳಿ ಗೋಧಿ ಬಿಯರ್‌ಗೆ ರಾಸ್ಪ್‌ಬೆರಿ ಸಿರಪ್ ಹಾಕಿಕೊಂಡು ಕುಡಿಯುವ ರೂಢಿ ಹಿಂದಿನಿಂದ ಇದೆ. ಹಾಗಿದ್ದ ಮೇಲೆ ನಾನು ನೇರಳೆ ಹಾಕಿದರೆ ಯಾರಪ್ಪನ ಮನೆ ಗಂಟು ಹೋಗುತ್ತದೆ?

ಕುವೆಂಪುನಗರದ ನಮ್ಮ ಮನೆಯ ತಾರಸಿ. ಆಷಾಢ ಶುಕ್ರವಾರ ಬಾಟಲಿ ಮುಟ್ಟಬೇಡಿ ಅಂತ ಮನೆಯಲ್ಲಿ ತಾಕೀತಾಗಿತ್ತು. ಹಾಗಾಗಿ ಶನಿವಾರ ಸಂಜೆ. ಮಂಡ್ಯದ ಗೆಳೆಯ ದಾರಿಯಲ್ಲಿ ಇಳಿದು ಮದ್ದೂರು ವಡೆ ಕಟ್ಟಿಸಿಕೊಂಡು ಬಂದ. ಕೆಳಗಿನಿಂದ ಕೈಮಾ ಉಂಡೆ ಬಂತು.

ಮೊದಲು ಲಿಂಡೆಮನ್ಸ್. ಬಣ್ಣ ರೂಹ್ ಅಫ್ಜಾ ತರಹ, ನೊರೆಯೂ ಗುಲಾಬಿ. ಆಲ್ಕೋಹಾಲ್ 3.5%. ಇದರಲ್ಲಿ ಚೆರ್ರಿ ರಸ ಚೆನ್ನಾಗಿಯೇ ಇದೆ, ಸಿಹಿಯೂ ಹಾಗೇ ಉಳಿದಿದೆ. ಮೊದಲ ಗುಟುಕು ತುಂಬಾ ಚೆಂದ. ಎರಡನೆಯದೂ ಚೆಂದ. ಅರ್ಧ ಗ್ಲಾಸ್ ಆಗುವಷ್ಟರಲ್ಲಿ ಮದುವೆ ಮನೆ ಶರಬತ್ತು ಕುಡಿದ ಹಾಗಾಗಿ ಬಾಯಿ ಅಂಟಂಟು. ನನ್ನ ಹೆಂಡತಿ ಒಂದು ಗುಟುಕು ನೋಡಿ "ಇದು ಪರವಾಗಿಲ್ಲ, ನನಗಿರಲಿ" ಅಂತ ತನ್ನ ಕಡೆ ಎಳೆದುಕೊಂಡಳು. ಬಿಯರ್ ಕಹಿ ಅಂತ ದೂರ ಇರುವವರಿಗೆ ಇದೇ ಸರಿ. ಇದರ ಬಗ್ಗೆ ಇಷ್ಟು ಸಾಕು.

ಕಾಂಟಿಯೋನ್ ಮಾತ್ರ ನಮ್ಮನ್ನು ಆಟ ಆಡಿಸಿತು. ಓಪನರ್‌ನಲ್ಲಿ ಮುಚ್ಚಳ ಎಬ್ಬಿಸಿದರೆ ಒಳಗೆ ಇನ್ನೊಂದು ಬಿರಡೆ! ಬಿರಡೆ ತೆಗೆಯುವ ಸಾಮಾನು ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಕೊನೆಗೆ ಗೆಳೆಯ ಮರದ ಸ್ಕ್ರೂ ಒಂದನ್ನು ಬಿರಡೆಗೆ ತಿರುಗಿಸಿ, ಇಕ್ಕಳದಲ್ಲಿ ಹಿಡಿದು, ಬಾಟಲಿಯನ್ನು ಎರಡು ಕಾಲ ನಡುವೆ ಇರುಕಿಕೊಂಡು ಎಳೆದ. ಢಬ್ ಅಂತ ಬಂತು. ಒಂದು ಲೋಟದಷ್ಟು ಅವನ ಬಿಳಿ ಅಂಗಿಯ ಮೇಲೆ. ಅಂಗಿ ಇವತ್ತಿಗೂ ಹಾಗೇ ಇದೆ.

ಉಳಿದದ್ದನ್ನು ಬಗ್ಗಿಸಿಕೊಂಡೆವು. ಕೆಂಪೇ, ಆದರೆ ಗಾಢ ಅಲ್ಲ. ನೊರೆ ಎದ್ದ ಹಾಗೇ ಇಳಿದುಹೋಯಿತು. ಗೆಳೆಯ ಒಂದು ಗುಟುಕು ಕುಡಿದು ಮುಖ ಕಿವುಚಿದ. "ಏನ್ಲಾ ಇದು, ಹುಳಿ ಬಂದ್ಬುಟ್ಟದೆ!"

ಹುಳಿ ಬಂದಿದೆ ಅನ್ನೋದು ಸರಿಯೇ. ಬರಬೇಕು ಅಂತಲೇ ಮಾಡಿದ್ದು. ಮೂರನೇ ಒಂದು ಭಾಗದಷ್ಟು ಮೊಳಕೆ ಬರಿಸದ ಹಸಿ ಗೋಧಿ, ಉಳಿದದ್ದು ಮೊಳಕೆ ಬಾರ್ಲಿ. ಕುದಿಸಿದ ರಸವನ್ನು ಅಗಲವಾದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಯೀಸ್ಟ್ ಅಂತ ಕೈಯಿಂದ ಹಾಕುವುದೇ ಇಲ್ಲ. ಗಾಳಿಯಲ್ಲಿ ಇರುವುದು ಬಂದು ಕೂತುಕೊಳ್ಳಬೇಕು. ನಮ್ಮ ದೋಸೆ ಹಿಟ್ಟು ತಾನಾಗಿಯೇ ಹುಳಿ ಬರುತ್ತದಲ್ಲ, ಹಾಗೆ. ಒಂದು ವ್ಯತ್ಯಾಸ: ಚಳಿಗಾಲದಲ್ಲಿ ಹಿಟ್ಟು ಉಬ್ಬಲಿಲ್ಲ ಅಂತ ನಾವು ಗೊಣಗುತ್ತೇವೆ, ಅವರು ಚಳಿ ಬರಲಿ ಅಂತಲೇ ಕಾಯುತ್ತಾರೆ. ಬೇಸಿಗೆಯ ಗಾಳಿಯಲ್ಲಿ ಬೇಡದ ಸೂಕ್ಷ್ಮಜೀವಿಗಳು ಜಾಸ್ತಿ. ಆಮೇಲೆ ವರ್ಷಗಟ್ಟಲೆ ಮರದ ಪೀಪಾಯಿ. ಅದರೊಳಗೆ ಓಟೆ ಸಮೇತ ಇಡೀ ಚೆರ್ರಿ. ಬ್ರಸೆಲ್ಸ್‌ನ ಆಂಡರ್ಲೆಕ್ಟ್‌ನಲ್ಲಿ 1900ರಿಂದ ಈ ಕಸುಬು ನಡೆಯುತ್ತಿದೆ.

ಮೂಗಿಗೆ ಹಿಡಿದರೆ ಮೊದಲು ಹಣ್ಣಲ್ಲ. ಅರಮನೆ ಸುತ್ತ ಟಾಂಗಾ ನಿಂತಿರುತ್ತವಲ್ಲ, ಅಲ್ಲಿ ಕುದುರೆಯ ಬೆನ್ನ ಮೇಲಿನ ಬೆವರು ಹಿಡಿದ ಬಟ್ಟೆ, ಆ ವಾಸನೆ. ಕೇಳಿದರೆ ಅಸಹ್ಯ ಅನ್ನಿಸುತ್ತದೆ, ಮೂಗಿಗೆ ಮಾತ್ರ ಯಾಕೋ ಹಿತ. ಇದು ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟ್‌ನ ಕೆಲಸ. ಅದರ ಹಿಂದೆ ಚೆರ್ರಿ. ಇನ್ನೂ ಹಿಂದೆ ಹಸಿ ಬಾದಾಮಿಯ ಘಮ, ಅದು ಓಟೆಯಿಂದ ಬಂದದ್ದು. ನಾಲಿಗೆಗೆ ಹುಳಿ ಚುರ್ ಅನ್ನುತ್ತದೆ, ಸಿಹಿ ಒಂದಿಷ್ಟೂ ಇಲ್ಲ. ಕೊನೆಯಲ್ಲಿ ಒಸಡು ಹಿಡಿಯುವ ಒಗರು.

ಆ ಒಗರಿನಲ್ಲೇ ನನಗೆ ನೇರಳೆ ನೆನಪಾದದ್ದು. ಫ್ರಿಜ್‌ನಿಂದ ಹೂಗಾರ್ಡನ್ ತೆಗೆದೆ. ಗೆಳೆಯ ಇದನ್ನು ಹೂಗಾರರ ಬಿಯರ್ ಅಂತಲೇ ಕರೆಯುವುದು. ಹೂಗಾರ್ಡನ್ ಅನ್ನೋದು ಬೆಲ್ಜಿಯಂನ ಒಂದು ಊರಿನ ಹೆಸರು. ಅಲ್ಲಿ ನಿಂತುಹೋಗಿದ್ದ ಗೋಧಿ ಬಿಯರ್ ಅನ್ನು 1966ರಲ್ಲಿ ಮತ್ತೆ ಶುರು ಮಾಡಿದವನು ಪಿಯೆರ್ ಸೆಲಿಸ್, ಹಾಲು ಮಾರುತ್ತಿದ್ದವನು. ಇದನ್ನು ಹೇಳಿದ ಮೇಲೆ, ಡೈರಿಗೆ ಹಾಲು ಹಾಕುವ ನನ್ನ ಗೆಳೆಯನಿಗೆ ಅದರ ಮೇಲೆ ಗೌರವ ಬಂತು.

ಒಂದು ಗ್ಲಾಸ್‌ಗೆ ಮೂರು ಚಮಚ ನೇರಳೆ ರಸ. ಬಣ್ಣ ನಸು ನೇರಳೆ, ನೋಡಲು ಸೊಗಸು. ಈ ಬಿಯರ್‌ಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿರುತ್ತಾರೆ. ಅದರ ಮೇಲೆ ಉಪ್ಪು ನೇರಳೆ ಚೆನ್ನಾಗಿ ಕೂತಿತು. ಮದ್ದೂರು ವಡೆಯ ಜೊತೆ ಮೂರರಲ್ಲಿ ಇದೇ ಗೆದ್ದಿತು. ಆದರೆ ಒಗರು ಒಂದು ಕಡೆ, ಬಿಯರ್ ಒಂದು ಕಡೆ. ನುಂಗಿದ ಮೇಲೆ ಎರಡೂ ಬೇರೆ ಬೇರೆ ದಾರಿ ಹಿಡಿದು ಹೋಗುತ್ತವೆ. ಕಾಂಟಿಯೋನ್‌ನಲ್ಲಿ ಹಣ್ಣು ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗಲಿಲ್ಲ. ಹತ್ತು ನಿಮಿಷದಲ್ಲಿ ಕಲಸಿದ್ದಕ್ಕೂ ಪೀಪಾಯಿಯಲ್ಲಿ ಕಾಲ ಕಳೆದದ್ದಕ್ಕೂ ಅಷ್ಟು ಫರಕು ಇರಲೇಬೇಕು ಬಿಡಿ.

ನಾನು ಮಾಡಿದ ಒಂದು ತಪ್ಪು: ಎಲ್ಲವನ್ನೂ ನಮ್ಮ ಅಭ್ಯಾಸದಂತೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕೊಟ್ಟೆ. ಲಿಂಡೆಮನ್ಸ್‌ಗೆ ಅದು ಒಳ್ಳೆಯದೇ ಆಯಿತು, ಬಿಸಿಯಾದಷ್ಟೂ ಸಿಹಿ ಮುಖಕ್ಕೆ ಹೊಡೆಯುತ್ತದೆ. ಕಾಂಟಿಯೋನ್ ಮಾತ್ರ ಇಪ್ಪತ್ತು ನಿಮಿಷ ಹೊರಗಿದ್ದ ಮೇಲೆ ಬಾಯಿ ಬಿಟ್ಟಿತು. ಬಾದಾಮಿ ಘಮ ಸಿಕ್ಕಿದ್ದು ಆಗಲೇ.

ಕೈಮಾ ಉಂಡೆ ಬಾಯಿಗೆ ಬಿದ್ದ ಮೇಲೆ ಕಾಂಟಿಯೋನ್ ಬಗ್ಗೆ ಗೆಳೆಯನ ರಾಗವೂ ಬದಲಾಯಿತು. ಮಸಾಲೆ, ಎಣ್ಣೆ ಬಾಯಲ್ಲಿ ಇರುವಾಗ ಆ ಹುಳಿ ಒಂದು ಗುಟುಕು ಹೋದರೆ ನಾಲಿಗೆ ತೊಳೆದಿಟ್ಟ ಹಾಗೆ. "ಉಪ್ಪು ಹುಳಿ ಮಾವಿನಕಾಯಿ ನೆಂಚ್ಕಂಡಂಗೆ ಅದೆ ಕಣ್ಲಾ" ಅಂದ. ನನಗೂ ಅದಕ್ಕಿಂತ ಒಳ್ಳೆ ಮಾತು ಹೊಳೆಯಲಿಲ್ಲ. ಬಾಟಲಿ ಖಾಲಿ ಮಾಡಿದವನೂ ಅವನೇ, ನನಗೆ ಸಿಕ್ಕಿದ್ದು ಒಂದೂವರೆ ಗ್ಲಾಸ್.

ನೇರಳೆ ಇರುವಷ್ಟು ದಿನ ಹೂಗಾರ್ಡನ್ ತರುತ್ತಿರುತ್ತೇನೆ, ಅದಕ್ಕೆ ಯಾರೂ ಬ್ರಸೆಲ್ಸ್‌ಗೆ ಹೋಗಬೇಕಾಗಿಲ್ಲ. ಭಾವಮೈದ ಮುಂದಿನ ಸಲ ಬರುವಾಗ ಎರಡೂ ಕಾಂಟಿಯೋನ್ ತರಲಿ ಅಂತ ಹೇಳಿದ್ದೇನೆ. ಜೊತೆಗೆ ಬಿರಡೆ ತೆಗೆಯುವ ಸಾಮಾನು ಒಂದು. ಲಿಂಡೆಮನ್ಸ್ ಬೇಕಿದ್ದರೆ ಅವನ ಅಕ್ಕ ಅವನಿಗೆ ನೇರವಾಗಿ ಹೇಳಿಕೊಳ್ಳುತ್ತಾಳೆ.